ಅವ್ವನ ಟೇಪು ಸಾಫ್ ಆದದ್ದು

ಬೀದರಿನ ಮೂರು ರಿಪೇರಿ ಅಂಗಡಿಯವರೂ ಒಂದೇ ಮಾತು ಹೇಳಿದರು. "ಭಂಗಾರಕ್ಕ ಹಾಕ್ರಿ ಸರ್. ಹಾಡು ಎಲ್ಲಾ ಮೊಬೈಲ್‌ದಾಗ ಸಿಗ್ತಾವ." ನಮ್ಮ ಕಡೆ ಭಂಗಾರವೆಂದರೆ ಗುಜರಿ. ಮೈಯೆಲ್ಲ ಉರಿಯಿತು. ಮೊಬೈಲಿನಲ್ಲಿ ನಮ್ಮವ್ವ ಸಿಗುತ್ತಾಳೇನು? ಸಿಗುವುದಿಲ್ಲ ಎಂದೇ ತಾನೆ ಆ ಹಳೆಯ ಟೇಪ್ ರೆಕಾರ್ಡರನ್ನು ಬಗಲಲ್ಲಿ ಹಿಡಿದು ನಾನು ಊರೆಲ್ಲ ತಿರುಗುತ್ತಿದ್ದದ್ದು!

ಅದರೊಳಗಿದ್ದ ಕ್ಯಾಸೆಟ್ಟಿನಲ್ಲಿ ಅವ್ವ ಬೀಸುವ ಪದ ಹಾಡಿದ್ದಳು. ಠಾಣಾ ಕುಶನೂರಿನ ನಮ್ಮ ಮನೆಯಲ್ಲಿ ಅವಳು ಜೋಳ ಬೀಸುತ್ತ ಕೂತಾಗ ಎದುರಿಗೆ ಟೇಪ್ ಇಟ್ಟು ನಾನೇ ತುಂಬಿಕೊಂಡದ್ದು. ನಮ್ಮಲ್ಲಿ ಹೆಂಗಸರು ಬೀಸುವಾಗ ಮನೆಯವರ ಹೆಸರು ಕೂಡಿಸಿ ಹಾಡುತ್ತಾರೆ. ಅವ್ವನೂ ಮೊದಲು ನನ್ನ ಹೆಸರು ಹಿಡಿದು ಒಂದು ನುಡಿ, ಆಮೇಲೆ ತಂಗಿಯ ಹೆಸರು ಹಿಡಿದು ಒಂದು ನುಡಿ ಹಾಡಿದ್ದಳು. ಅವ್ವ ಹೋಗಿ ಬಹಳ ವರ್ಷವಾಯಿತು. ಔರಾದಿನಲ್ಲಿರುವ ತಂಗಿ ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು: "ಅಣ್ಣಾ, ಅವ್ವ ನನ್ನ ಹೆಸರು ತೊಗೊಂಡಿದ್ದು ಒಮ್ಮಿ ಕೇಳಿಸೋ."

ಕೊನೆಗೆ ಭಾಲ್ಕಿಯಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬ ಸಿಕ್ಕ. ಸ್ಕ್ರೂ ಬಿಚ್ಚಿದ. ಹಿಂದಿನ ಮುಚ್ಚಳ ತೆಗೆದರೆ ಒಳಗೆಲ್ಲ ಧೂಳು, ಜಿರಲೆಯ ತತ್ತಿ. ರಬ್ಬರಿನ ಬೆಲ್ಟು ಕರಗಿ ಬೆಲ್ಲದ ಪಾಕದ ಹಾಗೆ ಚಕ್ರಕ್ಕೆ ಅಂಟಿತ್ತು. ಅದನ್ನು ಕೆರೆದು, ಹೊಸ ಬೆಲ್ಟು ಹಾಕಿ, ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ ಗುಂಡಿ ಒತ್ತಿದ. ಅವ್ವನ ದನಿ! ಮಂದವಾಗಿತ್ತು, ಆದರೂ ನನ್ನ ಕಣ್ಣು ತುಂಬಿತು.

"ಆವಾಜ್ ಸಾಫ್ ಆಗಬೇಕ್ರಿ," ಎಂದೆ.

"ಸಾಫ್ ಮಾಡ್ತೇನಿ. ನೀವು ಚಾ ಕುಡದು ಬರ್ರಿ."

ಆ ಚಹಕ್ಕಿಷ್ಟು ಬೆಂಕಿ ಬೀಳಲಿ! ತಿರುಗಿ ಬಂದಾಗ ಅವನು ಹಲ್ಲು ಕಿರಿಯುತ್ತ ಟೇಪ್ ಹಚ್ಚಿದ. ಅವ್ವ ನನ್ನ ಹೆಸರಿನ ನುಡಿ ಮುಗಿಸಿದಳು. ಮುಂದೆ ತಂಗಿಯದು ಬರಬೇಕು. ಬಂದದ್ದು ಅವನ ಗಂಟಲು: "ಹಲೋ, ಹಲೋ, ಏಕ್, ದೋ, ತೀನ್..."

"ಇದೇನ್ರಿ ಇದು?"

"ರೆಕಾರ್ಡಿಂಗ್ ಟೆಸ್ಟ್ ಮಾಡೀನ್ರಿ. ನೋಡ್ರಿ, ಎಷ್ಟ್ ಸಾಫ್ ಬಂದದ."

"ಅಲ್ಲಿ ನಮ್ಮವ್ವ ಇದ್ದಳಲ್ಲೋ!"

"ಸಾಫ್ ಮಾಡಂತ ನೀವೇ ಅಂದ್ರಲ್ರಿ?"

ಬಾಯಿಗೆ ಬಂದಂತೆ ಬೈದೆ. ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಅವನು ಕೈಮುಗಿದ. ಕೈಮುಗಿದರೆ ಅಳಿಸಿದ್ದು ತಿರುಗಿ ಬರುತ್ತದೆಯೆ? ಇನ್ನೊಬ್ಬರ ಕ್ಯಾಸೆಟ್ಟಿನ ಮೇಲೆ ರೆಕಾರ್ಡಿನ ಕೆಂಪು ಗುಂಡಿ ಒತ್ತುವ ಮುಂಚೆ ಒಂದು ಮಾತು ಕೇಳಬೇಕೆಂಬ ಖಬರು ಬೇಡವೆ? ಹೌದು, ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಣುಕನ್ನು ನಾನು ಅಂದೇ ಮುರಿದಿಟ್ಟಿದ್ದರೆ ಆ ಗುಂಡಿ ಒತ್ತಲು ಬರುತ್ತಲೇ ಇರಲಿಲ್ಲ. ಆ ಮಾತನ್ನು ಅವನೆದುರು ಬಾಯಿಬಿಡಲಿಲ್ಲ. ಬೈಯುತ್ತಲೇ ಇದ್ದೆ.

ಮರುದಿನ ಟೇಪ್ ಹಿಡಿದು ಔರಾದಿಗೆ ಹೋದೆ. ತಂಗಿಗೆ ಕೇಳಿಸುವ ಮೊದಲೇ ಆ ಮೆಕ್ಯಾನಿಕ್‌ನ ವಂಶವನ್ನೆಲ್ಲ ಜಾಲಾಡಿದೆ. ಅವಳು ಗುಂಡಿ ಒತ್ತಿದಳು. ನನ್ನ ನುಡಿ ಬಂತು. ಏಕ್, ದೋ, ತೀನ್ ಬಂತು. ಆಮೇಲೆ ಬರೀ ಬೀಸುಕಲ್ಲಿನ ಸದ್ದು. ಅವಳು ಅದನ್ನೂ ಕೊನೆಯವರೆಗೆ ಕೇಳಿದಳು. ನಾನು ಮತ್ತೆ ಅವನನ್ನು ಬೈಯಲು ಶುರುಮಾಡಿದೆ.

"ನೀ ಯಾಕ ಇಷ್ಟ್ ಸಿಟ್ಟಾಗ್ತಿ ಅಣ್ಣಾ?" ಎಂದಳು. "ನಿನ್ನ ಹೆಸರು ಉಳದದಲ್ಲ."