ಬೆಟ್ಟದ ಮನೆಯ ಗುಳಿಗೆ ಡಬ್ಬಿ

ಹಿಮಬೆಟ್ಟಗಳ ನಡುವಿನ ಫಾಗರ್ನೆಸ್ ಪೇಟೆಯ ಔಷಧಿ ಅಂಗಡಿಯಲ್ಲಿ ಗುನ್ವೋರ್ ಮೂವತ್ತೊಂದು ವರ್ಷದಿಂದ ಕೆಲಸಕ್ಕಿದ್ದಳು. ಅವಳು ಔಷಧಿ ಕೊಟ್ಟದ್ದಕ್ಕಿಂತ ಬೈದದ್ದೇ ಹೆಚ್ಚು ಎಂದು ಊರಿನವರ ದೂರು. ಅವಳಾದರೂ ಏನು ಮಾಡಿಯಾಳು? ಒಬ್ಬ ತನ್ನ ಗುಳಿಗೆಯನ್ನು ಹೆಂಡತಿಗೂ ಹಂಚುತ್ತಾನೆ. ಇನ್ನೊಬ್ಬಳು, ಪೆಟ್ಟಿಗೆಯ ಬಣ್ಣ ಬದಲಾಯಿತೆಂದು ಹಳೆಯದನ್ನೂ ಹೊಸದನ್ನೂ ಕೂಡಿಯೇ ನುಂಗುತ್ತಾಳೆ. ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ಊರಿನವರನ್ನಾದರೂ ತಿದ್ದಬಹುದು, ಒಡಹುಟ್ಟಿದವನನ್ನು ತಿದ್ದುವುದು ಹೇಗೆ? ಅಣ್ಣ ಅಸ್ಮುಂಡನಿಗೆ ಎಪ್ಪತ್ತನಾಲ್ಕು ವರ್ಷ, ಬಸ್ಸು ಓಡಿಸಿ ನಿವೃತ್ತನಾದವನು. ಅವನ ಎದೆಬಡಿತ ಆಗಾಗ ತಾಳ ತಪ್ಪಿ ದಡಬಡ ಓಡುತ್ತಿತ್ತು. ಅದಕ್ಕೆ ಹಳೆಯ ಡಾಕ್ಟರು ವೆರಾಪಮಿಲ್ ಕೊಟ್ಟಿದ್ದರು. ಫೆಬ್ರವರಿಯಲ್ಲಿ ಹೊಸ ಡಾಕ್ಟರು ಅದನ್ನು ನಿಲ್ಲಿಸಿ ಮೆಟೊಪ್ರೊಲಾಲ್ ಬರೆದುಕೊಟ್ಟರು. ಎರಡೂ ಒಳ್ಳೆಯ ಔಷಧಿಗಳೇ. ಆದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ. ಎರಡೂ ಎದೆಬಡಿತವನ್ನು ತಗ್ಗಿಸುವಂಥವು. ಕೂಡಿ ತೆಗೆದುಕೊಂಡರೆ ತಗ್ಗಿಸುತ್ತ ತಗ್ಗಿಸುತ್ತ ನಿಲ್ಲಿಸಿಯೇ ಬಿಡಬಹುದು. ಇದು ಗುನ್ವೋರಳಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತೇ ಅಣ್ಣನ ಮನೆಗೆ ಹೋಗಿ ಬಚ್ಚಲ ಕಪಾಟು, ಅಡುಗೆಮನೆಯ ಡ್ರಾಯರು, ಕೊನೆಗೆ ಕೋಟಿನ ಜೇಬನ್ನೂ ಜಾಲಾಡಿ ಹಳೆಯ ಗುಳಿಗೆಗಳನ್ನು ಚೀಲಕ್ಕೆ ತುಂಬಿಕೊಂಡಳು.

"ಅಣ್ಣಾ, ಬೆಳಗ್ಗೆ ಇದೊಂದೇ. ಏನು ಹೇಳ್ದೆ ಹೇಳು ನೋಡೋಣ."

"ಬೆಳಗ್ಗೆ ಇದೊಂದೇ," ಎಂದ ಅಸ್ಮುಂಡ್. "ನಾನೇನು ಒಂದನೇ ಕ್ಲಾಸಿನ ಹುಡುಗನೇನೇ?"

"ಒಂದನೇ ಕ್ಲಾಸಿನವರಾದ್ರೆ ಹೇಳಿದ್ದು ಕೇಳ್ತಾರೆ."

ಈಸ್ಟರ್ ಹಬ್ಬಕ್ಕೆ ಎಲ್ಲರಂತೆ ಅಸ್ಮುಂಡನೂ ಹಿಂದಿನ ಶನಿವಾರವೇ ತನ್ನ ಬೆಟ್ಟದ ಮನೆಗೆ ಹೊರಟ. ಆ ಮನೆಗೆ ಅದರದೇ ಕಾಫಿ ಪಾತ್ರೆ, ಅದರದೇ ಸ್ವೆಟರು, ಅದರದೇ ಹಳೆಯ ಕನ್ನಡಕ. ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಮೇಲೆ ಹೋದಮೇಲೆ ಅಲ್ಲಿ ಇದ್ದದ್ದನ್ನೇ ಬಳಸಬೇಕು. ಅವರ ಅಪ್ಪನ ಕಾಲದಿಂದಲೂ ಇದೇ ಕ್ರಮ. ಅಲ್ಲಿ ಬೆಣ್ಣೆಯ ಚಾಕು ಮುರಿದರೂ ಕೆಳಗಿನಿಂದ ಯಾರೂ ಒಯ್ಯುವುದಿಲ್ಲ, ಮುರಿದದ್ದರಲ್ಲೇ ಬಳಿಯುತ್ತಾರೆ.

ಬುಧವಾರ ಹಬ್ಬದ ರಜೆಗೆಂದು ಅಂಗಡಿ ಮಧ್ಯಾಹ್ನಕ್ಕೇ ಮುಚ್ಚಿತು. ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ, ಹಿಮದಲ್ಲಿ ಜಾರುವ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಗುನ್ವೋರ್ ಮೇಲೆ ಹೋದಳು. ಅಣ್ಣ ಮನೆಯ ಗೋಡೆಗೊರಗಿ ಬಿಸಿಲಿಗೆ ಕೂತಿದ್ದ. ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಎದ್ದು ನಿಂತ್ರೆ ಹಿಮ ಎಲ್ಲಾ ತಿರುಗುತ್ತೆ ಕಣೇ," ಎಂದ.

ಅವಳು ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ಅರ್ಧ ನಿಮಿಷಕ್ಕೆ ಹದಿನೇಳು ಬಡಿತ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ, ಮುಂದಿನದು ಬರುತ್ತದೋ ಇಲ್ಲವೋ ಎಂದು ಅವಳಿಗೆ ಭಯವಾಯಿತು.

"ಏನೇನು ನುಂಗಿದ್ದೀಯಾ?"

"ನೀನು ಹೇಳಿದ್ದೇ. ಬೆಳಗ್ಗೆ ಹೊಸದು. ಸಾಯಂಕಾಲ ಇಲ್ಲೀದು."

"ಇಲ್ಲೀದು ಅಂದ್ರೆ?"

"ಇಲ್ಲೀದು ಅಂದ್ರೆ ಇಲ್ಲೀದು. ಕಿಟಕಿ ಹತ್ರ ಡಬ್ಬಿ ಇದೆಯಲ್ಲ. ಕೆಳಗಿನದನ್ನ ನೀನು ತಗೊಂಡು ಹೋದೆ, ಇದನ್ನ ತಗೊಂಡು ಹೋಗ್ಲಿಲ್ವಲ್ಲ."

"ಹಳೇದು ಬೇಡ ಅಂತ ಬಡ್ಕೊಂಡಿರ್ಲಿಲ್ವಾ?"

"ಬೆಳಗ್ಗೆ ಇದೊಂದೇ ಅಂದೆ. ಸಾಯಂಕಾಲದ್ದು ನೀನೆಲ್ಲಿ ಹೇಳ್ದೆ?"

ಶನಿವಾರದಿಂದ ನಾಲ್ಕು ದಿನ! ಗುನ್ವೋರಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮೊದಲು ತುರ್ತು ಸಹಾಯಕ್ಕೆ ಫೋನು ಮಾಡಿ, ಹೆಲಿಕಾಪ್ಟರ್ ಬೇಕು, ಎರಡು ಗುಳಿಗೆಗಳ ಹೆಸರು ಇವು, ಬಡಿತ ಮೂವತ್ತನಾಲ್ಕು ಎಂದು ಒಂದೇ ಉಸಿರಿಗೆ ಹೇಳಿದಳು. ಅಣ್ಣನನ್ನು ಕಂಬಳಿಯ ಮೇಲೆ ಮಲಗಿಸಿದಳು. ಆಮೇಲೆ ಆ ಡಬ್ಬಿಯನ್ನು ತಂದು ಅವನ ಮುಖಕ್ಕೆ ಹಿಡಿದು, ಹುಟ್ಟಿದಾರಭ್ಯ ನೀನು ಒಂದು ಮಾತನ್ನಾದರೂ ಕೇಳಿದ್ದೀಯಾ ಎಂದು ಕೇಳಬೇಕೆಂದು ಒಳಗೆ ನುಗ್ಗಿದಳು.

ಮುಚ್ಚಳದ ಮೇಲೆ ಕಾಗದದ ಚೀಟಿ ಅಂಟಿಸಿತ್ತು. ಅಕ್ಷರ ಅವಳದೇ. "ಅಸ್ಮುಂಡ್, ಸಂಜೆಗೊಂದು. ಬೆಟ್ಟದಲ್ಲಿದ್ದೇನೆ ಅಂತ ತಪ್ಪಿಸಬೇಡ. ಗುನ್ವೋರ್."

ಎರಡು ವರ್ಷದ ಹಿಂದೆ, ಇಲ್ಲಿಗೆ ಬಂದಾಗ ಅವನು ಗುಳಿಗೆ ಮರೆಯುತ್ತಾನೆಂದು ರೇಗಿ ಅವಳೇ ತುಂಬಿಸಿಟ್ಟದ್ದು. ಕೋಟಿನ ಜೇಬು ನೆನಪಾದವಳಿಗೆ ಇದು ನೆನಪಾಗಿರಲಿಲ್ಲ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದವಳು ಬೈಯಲಿಲ್ಲ. ಅವನ ಮಣಿಕಟ್ಟು ಹಿಡಿದು ಎಣಿಸುತ್ತ ಕೂತಳು.

ಆಸ್ಪತ್ರೆಯಲ್ಲಿ ಔಷಧಿ ಚುಚ್ಚಿದರು, ಬಡಿತ ತಾನಾಗಿ ಏರುವವರೆಗೆ ಎದೆಗೆ ತಂತಿ ಇಳಿಸಿ ಯಂತ್ರದಿಂದ ಅದನ್ನು ನಡೆಸಿದರು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಅಸ್ಮುಂಡ್ ದಿಂಬಿಗೊರಗಿ ಕೂತು, ಇಲ್ಲಿನ ಕಾಫಿಯೋ, ಪಾತ್ರೆ ತೊಳೆದ ನೀರಿನ ಹಾಗಿದೆ ಎಂದು ಗೊಣಗುವಷ್ಟಾದ. ಬದುಕಿಕೊಂಡ.

ಡಾಕ್ಟರಮ್ಮ ಕಾಗದ ಹಿಡಿದು ಬಂದರು. ಚಿಕ್ಕ ವಯಸ್ಸಿನವರು, ಆದರೂ ಆಗಲೇ ಬೇಸತ್ತ ದನಿ. "ಈ ಎರಡನ್ನೂ ಕೂಡಿ ತಗೊಳ್ಳಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ," ಎಂದ ಅಸ್ಮುಂಡ್, ತಂಗಿಯ ಕಡೆ ನೋಡದೆ. "ನಂದೇ ಮರೆವು. ಇವಳು ಬೇಡ ಬೇಡ ಅಂತ ನೂರು ಸಲ ಹೇಳಿದ್ಲು. ನಾನು ಯಾರ ಮಾತು ಕೇಳೋನು?"

ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಳ್ಳತೊಡಗಿದರು. ಗುನ್ವೋರಳಿಗೆ ಮೈಯೆಲ್ಲ ಉರಿಯಿತು. ಇಷ್ಟು ಸಾಲದೆಂದು ಈಗ ಸುಳ್ಳು ಬೇರೆ. ಚೀಲದಿಂದ ಡಬ್ಬಿ ತೆಗೆದು, ಚೀಟಿ ಕಾಣುವಂತೆ ಡಾಕ್ಟರಮ್ಮನ ಕಾಗದದ ಮೇಲಿಟ್ಟಳು.

"ಆ ಬರ್ಕೊಂಡಿದ್ದನ್ನ ಹೊಡೆದುಹಾಕಿ ಡಾಕ್ಟ್ರೇ. ತಂಗಿ ಬರೆದುಕೊಟ್ಟಿದ್ಲು ಅಂತ ಬರ್ಕೊಳ್ಳಿ, ಔಷಧಿ ಅಂಗಡೀಲಿರೋ ತಂಗಿ. ಇವನು ನನ್ನ ಮಾತು ಕೇಳಿದ್ದು ಜನ್ಮದಲ್ಲಿ ಇದೊಂದೇ ಸಲ."