ಹಿಂದಿನ ಚಕ್ರಕ್ಕೆ ಹೊಸ ಟಯರು

ನಮ್ಮ ಯಜಮಾನರ ದೊಡ್ಡ ಬೈಕಿನ ಹಿಂದಿನ ಸೀಟು ನನ್ನದೆಂದು ಮದುವೆಯಾದ ಹೊಸತರಲ್ಲಿ ತಿಳಿದುಕೊಂಡಿದ್ದೆ. ಅದು ನನ್ನ ಅತ್ತೆಯದು. ಶುಕ್ರವಾರ ಪೊಳಲಿ ದೇವಸ್ಥಾನಕ್ಕೆ ಹೊರಟರೆಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನೊಳಗೆ ಅಪ್ಪಚ್ಚಿಯಾಗದಂತೆ ಮಲ್ಲಿಗೆಯನ್ನು ಚೀಲದಲ್ಲಿಟ್ಟುಕೊಂಡು, ಮಗನ ಹೆಗಲು ಹಿಡಿದು ಹತ್ತಿ ಕೂರುವರು. ಎಪ್ಪತ್ತು ದಾಟಿದ ಅವರಿಗೆ ಮನೆಯ ಜೀಪಿನಲ್ಲಿ ಕೂತರೆ ವಾಕರಿಕೆಯಂತೆ. ಬೈಕು ಎಷ್ಟು ಜೋರಾಗಿ ಹೋದರೂ ಏನೂ ಆಗುವುದಿಲ್ಲವಂತೆ.

ಕಳೆದ ಮಳೆಗಾಲದಲ್ಲಿ ವಾಮದಪದವಿನ ಹತ್ತಿರದ ತಿರುವಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಟಯರು ನುಣ್ಣಗೆ ಸವೆದಿತ್ತು. ಇಬ್ಬರೂ ಬೀಳಲಿಲ್ಲ, ಆದರೆ ಅತ್ತೆ ಅಲ್ಲಿಯೇ ಇಳಿದು ಬಸ್ಸು ಹಿಡಿದು ಮನೆಗೆ ಬಂದರು. ಇನ್ನು ಅದರ ಮೇಲೆ ಕೂರುವುದಿಲ್ಲ ಎಂದರು, ಅಷ್ಟೇ. ಬೈದಿದ್ದರೆ ಮಗನಿಗೆ ಸಮಾಧಾನವಾಗುತ್ತಿತ್ತು. ಬೈಯದ ಕಾರಣ ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಟಯರಿನ ಆಯ್ಕೆ ಶುರುವಾಯಿತು. ನನ್ನನ್ನು ನೋಡಲು ಬಂದ ದಿನ ಕಾಫಿ ಮುಗಿಯುವಷ್ಟರಲ್ಲಿ ಒಪ್ಪಿಗೆ ಹೇಳಿದ್ದ ಮನುಷ್ಯ ಟಯರಿಗೆ ವಾರಗಟ್ಟಲೆ ತೆಗೆದುಕೊಂಡರು. ಗಂಜಿಗೆ ಕೂತಾಗಲೂ ಫೋನಿನಲ್ಲಿ ಟಯರು. ದಪ್ಪ ಹಲ್ಲಿನದು ನೋಡಲು ಗತ್ತು, ಗುಡ್ಡ ಹತ್ತುತ್ತದೆ, ಆದರೆ ಒದ್ದೆ ಡಾಮರಿನಲ್ಲಿ ಹಿಡಿತ ಕಡಿಮೆ. ನೀರನ್ನು ಪಕ್ಕಕ್ಕೆ ಸರಿಸುವ ಸೀಳುಗಳಿರುವುದು ನೋಡಲು ಸಪ್ಪೆ. ಕೊನೆಗೆ ಸಪ್ಪೆಯದೇ ಮನೆಗೆ ಬಂತು. ಕಾರಣ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅಂಗಡಿಯಲ್ಲಿ ಹಾಕಿಸಿದರೆ ರಿಮ್ಮಿಗೆ ಗೀರು ಬೀಳುತ್ತದೆ, ತಾನೇ ಹಾಕುತ್ತೇನೆ ಎಂದು ಹಟ ಹಿಡಿದರು. ತೋಟದ ರಬ್ಬರ್ ಹಾಲಿನಿಂದ ಶೀಟ್ ಮಾಡುವ ಶೆಡ್ಡಿನಲ್ಲಿ ಗೋಣಿ ಹಾಸಿ ಚಕ್ರವನ್ನು ಮಲಗಿಸಿದರು. ಹಳೆಯ ಟಯರಿನ ಅಂಚು ರಿಮ್ಮನ್ನು ಬಿಡಲೊಲ್ಲದು. ಕೊನೆಗೆ ಚಕ್ರವನ್ನು ಜೀಪಿನ ಅಡಿಗೆ ತಳ್ಳಿ, ಟಯರಿನ ಮೇಲೆ ಜಾಕಿ ಇಟ್ಟು ಎತ್ತಿದಾಗ ಜೀಪಿನ ಭಾರಕ್ಕೆ ಅಂಚು ಸೋತಿತು. ಅಂತೂ ಜೀಪಿಗೊಂದು ಕೆಲಸ ಸಿಕ್ಕಿತಲ್ಲ ಎಂದೆ. ಅವರು ನಗಲಿಲ್ಲ.

ಹೊಸ ಟಯರನ್ನು ಜಾರಿಸಲು ಅಡುಗೆಮನೆಯಿಂದ ತೆಂಗಿನೆಣ್ಣೆ ಬಂತು. ನಮ್ಮ ಮನೆಯಲ್ಲಿ ತಲೆನೋವಿಗೂ, ಕಿರುಗುಟ್ಟುವ ಬಾಗಿಲಿಗೂ, ಬೆರಳು ಬಿಡದ ಉಂಗುರಕ್ಕೂ ಅದೇ ಮದ್ದು. ಅಷ್ಟು ದಿನ ಆ ಬೈಕಿನ ಕಡೆಗೇ ನೋಡದಿದ್ದ ಅತ್ತೆ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದರು.

"ರಬ್ಬರಿಗೆ ಎಣ್ಣೆ ಮುಟ್ಟಿಸ್ತಾರಾ ಮಾರಾಯ? ನಮ್ಮ ತೋಟದಲ್ಲಿ ಬೆಳೆಯುವುದು ಏನು ಅಂತ ನೆನಪುಂಟಾ?"

ಅಷ್ಟು ಹೇಳಿ ಒಳಗೆ ಹೋದರು. ಎಣ್ಣೆಯ ಬದಲು, ರೇಷ್ಮೆ ಸೀರೆ ತೊಳೆಯಲು ನೆನೆಸಿಟ್ಟಿದ್ದ ಅಂಟುವಾಳದ ನೊರೆಯನ್ನು ನಾನು ತಂದುಕೊಟ್ಟೆ.

ಮುಕ್ಕಾಲು ಭಾಗ ಸಲೀಸಾಗಿ ಒಳಗೆ ಹೋಯಿತು. ಉಳಿದದ್ದು ಕಾಟ ಕೊಟ್ಟಿತು. ಇತ್ತ ಸನ್ನೆಕೋಲಿನಿಂದ ಎಳೆದರೆ ಅತ್ತ ಹೊರಗೆ ಜಾರುತ್ತಿತ್ತು. ಒಂದು ಬದಿಗೆ ಯಜಮಾನರ ಮೊಣಕಾಲು, ಇನ್ನೊಂದು ಬದಿಗೆ ನನ್ನ ಪಾದ, ಆದರೂ ಸಾಲದು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಸನ್ನೆಕೋಲೇ ಸರಿಯಿಲ್ಲ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮತ್ತೆ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಯಿ ತುರಿಯುವ ಮಣೆಯ ಮೇಲೆ ಕೂರುವ ಹಾಗೆ ಟಯರಿನ ಮೇಲೆ ಕೂತೇಬಿಟ್ಟರು.

"ಈಗ ಎಳಿ," ಎಂದರು.

ಒಂದೇ ಎಳೆತಕ್ಕೆ ಟಯರು ಒಳಗೆ ಹೋಯಿತು. ಅತ್ತೆ ಏಳಲಿಲ್ಲ. ಒಣಗಿದ ಶೀಟನ್ನು ಪರೀಕ್ಷಿಸುವಂತೆ ಹೆಬ್ಬೆರಳಿನ ಉಗುರಿನಿಂದ ಟಯರನ್ನು ಅಲ್ಲಲ್ಲಿ ಒತ್ತಿ ನೋಡಿದರು.

"ಗಟ್ಟಿ ಉಂಟು. ಶುಕ್ರವಾರ ಹೋಗುವ."

ಯಜಮಾನರು ಬಗ್ಗಿ ಸನ್ನೆಕೋಲನ್ನು ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಗಾಳಿ ತುಂಬಿಸಲು ಮಾತ್ರ ಚಕ್ರವನ್ನು ಗುರುವಾಯನಕೆರೆಯ ಅಂಗಡಿಗೇ ಒಯ್ಯಬೇಕಾಯಿತು. ಹೊಸ ಟಯರಿನ ನುಣುಪು ಹೋಗಲೆಂದು ಯಜಮಾನರು ಮೂಡುಬಿದಿರೆಯವರೆಗೆ ಒಬ್ಬರೇ ಹೋಗಿ ಬಂದರು. ಶುಕ್ರವಾರ ಸಣ್ಣ ಮಳೆ. ನಾನು ಎಂದಿನಂತೆ ಬಸ್ಸಿನಲ್ಲಿ. ಬೈಕು ಎಷ್ಟು ನಿಧಾನ ಹೋಗುತ್ತಿತ್ತೆಂದರೆ ಆ ತಿರುವಿನಲ್ಲಿ ನನ್ನ ಬಸ್ಸು ಅವರ ಬೆನ್ನಿಗೇ ಇತ್ತು. ಕಿಟಕಿಯಿಂದ ಇಣುಕಿದೆ. ಯಾವಾಗಲೂ ಮಗನ ಹೆಗಲ ಮೇಲೆ ಒಂದು ಕೈ ಇಟ್ಟು ಕೂರುವ ಅತ್ತೆ ಅಂದು ಎರಡೂ ಕೈಗಳಿಂದ ಅವರ ಸೊಂಟವನ್ನು ಬಿಗಿಯಾಗಿ ಬಳಸಿ ಹಿಡಿದಿದ್ದರು. ಅತ್ತೆಯ ಹೆದರಿಕೆ ಹೋಗಿರಲಿಲ್ಲ. ಹೆದರಿಕೆ ಇಟ್ಟುಕೊಂಡೇ ಹತ್ತಿ ಕೂತಿದ್ದರು.

ಬಂಟ್ವಾಳದಲ್ಲಿ ಬಸ್ಸು ಬದಲಿಸಿ ನಾನು ಪೊಳಲಿ ಮುಟ್ಟುವಾಗ ಅತ್ತೆ ದೇವಸ್ಥಾನದ ಎದುರು ಚೀಲದಿಂದ ಮಲ್ಲಿಗೆ ತೆಗೆದು ಮುಡಿಯುತ್ತಿದ್ದರು. ಹೇಗಿತ್ತು ಎಂದು ಕೇಳಿದೆ.

"ತುಂಬಾ ನಿಧಾನ ಬಿಟ್ಟ," ಎಂದರು. "ಮನೆಗೆ ಹೋಗುವಾಗ ಸ್ವಲ್ಪ ಜೋರು ಬಿಡ್ಲಿಕ್ಕೆ ಹೇಳ್ತೇನೆ."