ಕಮಾನಿನ ಎಡ ಅರ್ಧ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಓದುವವರು ದಯವಿಟ್ಟು ಕ್ಷಮಿಸಬೇಕು. ಇದು ಬಡಗಿ ಕೆಲಸದ ನಮ್ಮ ದೊಡ್ಡಪ್ಪನ ವಿಷಯ.

ದೊಡ್ಡಪ್ಪ ಬಲಗೈಯವನು. ಅವನ ತಮ್ಮ, ಅಂದರೆ ನಮ್ಮಪ್ಪ, ಎಡಚ. ಕಮಾನು ಬಾಗಿಲಿನ ಅಂಚುಪಟ್ಟಿಯನ್ನು ನುಣುಪು ಮಾಡಲು ಉಜ್ಜುಗೊರಡು ಹೊಡೆಯುವಾಗ ನೆತ್ತಿಯಿಂದ ಎರಡೂ ಕಡೆಗೆ ಕೆಳಮುಖವಾಗಿಯೇ ಇಳಿಯಬೇಕು; ಎದುರು ಹೋದರೆ ಮರದ ನಾರು ಕಿತ್ತು ಬರುತ್ತದೆ. ಬಲಕ್ಕೆ ಇಳಿಯಲು ಬಲಗೈ ಪಳಗಿರಬೇಕು, ಎಡಕ್ಕೆ ಎಡಗೈ. ಹಾಗಾಗಿ ಬಲ ಅರ್ಧ ದೊಡ್ಡಪ್ಪನದು, ಎಡ ಅರ್ಧ ಅಪ್ಪನದು. ಮೂವತ್ತು ವರ್ಷ ಹೀಗೇ ನಡೆಯಿತು.

ಅಪ್ಪ ತೀರಿಕೊಂಡು ಇಪ್ಪತ್ತು ದಿನವಾಯಿತು. ದೊಡ್ಡಪ್ಪ ಅಳಲಿಲ್ಲ. ಒಳಗೆಲ್ಲ ಮರಗಟ್ಟಿದಂತಿದೆ ಎಂದಷ್ಟೇ ಹೇಳಿದ. ಇವತ್ತು ಅಂಗಡಿ ತೆರೆದು, ಒಪ್ಪಿಕೊಂಡಿದ್ದ ಬಾಗಿಲಿನ ಬಲ ಅರ್ಧ ಮುಗಿಸಿ, ಎಡಕ್ಕೆ ಬಂದು ನಿಂತ. ಗೊರಡನ್ನು ಎಡಗೈಗೆ ಬದಲಾಯಿಸಿ ಒಂದು ಸಲ ತಳ್ಳಿದ್ದೇ ತಡ, ನಾರು ಸಿಬಿರಾಗಿ ಎದ್ದಿತು. ಯಾರದೋ ಮನೆಯ ಮರವೇನೋ ಎಂಬಂತೆ ಅದನ್ನೇ ನೋಡುತ್ತ ನಿಂತ.

"ಇನ್ಮೇಲೆ ನಮ್ಮ ಕಮಾನೆಲ್ಲ ಅರ್ಧಾನೇ ಕಣೆ," ಎಂದು ನನಗೆ ಹೇಳಿದ.

ಚಹಾ ತಂದ ದೊಡ್ಡಮ್ಮ, "ಅರ್ಧ ಕಮಾನಿನ ಕೆಳಗೆ ಜನ ಒಂಟಿ ಕಾಲಲ್ಲಿ ಬರ್ತಾರೆ ಬಿಡಿ," ಎಂದಳು. ದೊಡ್ಡಪ್ಪ ಎದ್ದ ಸಿಬಿರನ್ನು ಕಿತ್ತು ಹಾಕಿ ನನ್ನ ಕಡೆ ತಿರುಗಿದ.

"ಮಗಳೇ, ಶಾಲೇಲಿ ಹೊಡೆದು ಕೈ ಬದಲಾಯಿಸೋಕೆ ಮುಂಚೆ ನೀನು ಯಾವ ಕೈಲಿ ಬರೀತಿದ್ದೆ?"

"ಎಡಗೈಲಿ, ದೊಡ್ಡಪ್ಪ."

ಅವನು ಗೊರಡಿನೊಳಗಿನ ಹೊಟ್ಟು ಊದಿ, ಅದನ್ನು ನನ್ನ ಎಡಗಡೆ ಇಟ್ಟು, ಚಹಾ ಕುಡಿದ.

ನಾಳೆ ಬೆಳಗ್ಗೆ ಸಿಬಿರೆದ್ದು ಹಾಳಾದ ಆ ತುಂಡಿನ ಮೇಲೆ ಅಭ್ಯಾಸ ಮಾಡುತ್ತೇನೆ. ಕೈ ಕುದುರಿದ ಮೇಲೆ ಹೊಸ ಪಟ್ಟಿಗೆ ಗೊರಡು ಇಡುತ್ತೇನೆ.